ಬಿಟ್ಟ ಬಾಣದ ಹೊಣೆ

೧

ಕೊಂದವನು ಯಾರು ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಹಿಂದಿನ ಕಾಲದಲ್ಲಿ ಅಷ್ಟೊಂದು ಕಠಿನವಾಗಿರಲಿಲ್ಲ. ಕತ್ತಿಯ ಹಿಡಿ ಯಾರ ಮುಷ್ಟಿಯಲ್ಲಿತ್ತೋ ಅವನೇ ಕೊಂದವನು. ಬಿಲ್ಲುಗಾರನು ನೂರು ಮಾರು ದೂರದಲ್ಲಿ ನಿಂತಿದ್ದರೂ ಗುರಿಹಿಡಿದ ಕಣ್ಣು ಅವನದು, ಹೆದೆಯನ್ನು ಸೆಳೆದ ಬೆರಳು ಅವನದು. ಆದುದರಿಂದ ಫಲವೂ ಅವನದೇ. ಬಾಣಕ್ಕೆ ತನ್ನದೆಂಬ ಇಚ್ಛೆಯಿರಲಿಲ್ಲ, ದೃಷ್ಟಿಯಿರಲಿಲ್ಲ. ಬಂದೂಕು ಬಂದ ಮೇಲೆಯೂ ಈ ಲೆಕ್ಕವು ಹೆಚ್ಚಾಗಿ ಬದಲಾಗಲಿಲ್ಲ.

ಈಗ ಸುಮಾರು ಎಪ್ಪತ್ತು ವರ್ಷಗಳಿಂದ ಬೇರೊಂದು ಬಗೆಯ ಬಾಣವು ಲೋಕದಲ್ಲಿ ಬಳಕೆಗೆ ಬಂದಿದೆ. ಯುದ್ಧವಿಮಾನದ ರೆಕ್ಕೆಯ ಕೆಳಗೆ ತೂಗುವ ಈ ಬಾಣವು ಬಿಟ್ಟೊಡನೆ ತನ್ನ ಗುರಿಯನ್ನು ತಾನೇ ನೋಡಿಕೊಳ್ಳುತ್ತದೆ. ಗುರಿಯು ಎಡಕ್ಕೆ ಹೊರಳಿದರೆ ತಾನೂ ಎಡಕ್ಕೆ ಹೊರಳುತ್ತದೆ. ಗುರಿಯು ಮೇಲಕ್ಕೇರಿದರೆ ತಾನೂ ಏರುತ್ತದೆ. ಬಿಟ್ಟವನು ಅಷ್ಟರಲ್ಲಿ ಬೆನ್ನು ತಿರುಗಿಸಿ ತನ್ನ ದಾರಿ ಹಿಡಿದಿರಬಹುದು. ಶತ್ರುವಿಮಾನದ ಎಂಜಿನಿನಿಂದ ಹೊರಡುವ ಶಾಖವೇ ಇದಕ್ಕೆ ದಾರಿ ತೋರಿಸುವ ದೀಪ. ಇದನ್ನು ಶಾಖವನ್ನರಸುವ ಕ್ಷಿಪಣಿಯೆಂದು ಕರೆಯುತ್ತಾರೆ.

ಹೀಗಿರಲು, ನೀತಿಯ ವಿಷಯವನ್ನು ಆಲೋಚಿಸುವವರ ಮುಂದೆ ಒಂದು ಪ್ರಶ್ನೆ ಏಳುತ್ತದೆ. ಅರಸಿದ್ದು ಬಾಣ, ಬೆನ್ನಟ್ಟಿದ್ದು ಬಾಣ, ಮುಟ್ಟಿದ್ದು ಬಾಣ ಎಂದಾದರೆ ಬಿಟ್ಟವನ ಹೊಣೆಯು ಅಷ್ಟರಮಟ್ಟಿಗೆ ಕಡಿಮೆಯಾಯಿತೆ? ಅಥವಾ ಹೆಚ್ಚಾಯಿತೆ?

ಹತ್ತಿಯ ಗಿರಣಿಗಳಿಂದ ಹೆಸರಾದ ದಾವಣಗೆರೆಯವರಿಗೆ ಈ ವಿಚಾರವೇಕೆ, ನಿಜಲಿಂಗಪ್ಪ ಬಡಾವಣೆಯ ಮನೆಯ ಜಗುಲಿಯಲ್ಲಿ ಕುಳಿತು ಪತ್ರಿಕೆ ಓದುವವರಿಗೂ ಆಕಾಶಯುದ್ಧಕ್ಕೂ ಏನು ಸಂಬಂಧ ಎಂದು ವಾಚಕರು ಕೇಳಬಹುದು. ಸಂಬಂಧವಿದೆಯೆಂಬುದನ್ನು ಮುಂದೆ ತೋರಿಸುವೆವು. ಮೊದಲು ಆ ಬಾಣದ ಸ್ವರೂಪವನ್ನು ತಿಳಿಯುವುದು ಆವಶ್ಯಕ. ವಸ್ತುವನ್ನರಿಯದೆ ಅದರ ಧರ್ಮವನ್ನು ವಿಚಾರಿಸಿದರೆ ಮಾತು ಮಾತ್ರ ಉಳಿಯುತ್ತದೆ.

೨

ಬೆಂಕಿಯ ಬಾಣವು ಕನ್ನಡನಾಡಿಗೆ ಹೊಸದಲ್ಲ. ಹೈದರಾಲಿ ಟಿಪ್ಪುಗಳ ಸೈನ್ಯದಲ್ಲಿ ಕಬ್ಬಿಣದ ಕೊಳವೆಗೆ ಮದ್ದು ತುಂಬಿದ ರಾಕೆಟ್ಟುಗಳಿದ್ದವು. ೧೭೮೦ರ ಪೊಳ್ಳಿಲೂರಿನ ಕಾಳಗದಲ್ಲಿ ಇಂಗ್ಲಿಷರು ಅವುಗಳ ರುಚಿಯನ್ನು ಕಂಡರು. ಶ್ರೀರಂಗಪಟ್ಟಣವು ಬಿದ್ದ ಮೇಲೆ ಅವುಗಳಲ್ಲಿ ಕೆಲವು ಇಂಗ್ಲೆಂಡಿಗೆ ಹೋಗಿ, ಕಾಂಗ್ರೀವ್ ಎಂಬವನ ರಾಕೆಟ್ಟುಗಳಿಗೆ ಮಾದರಿಯಾದವು. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಎಂದರೆ ಹಳೆಯ ಬಿದನೂರಿನಲ್ಲಿ, ಪಾಳುಬಿದ್ದ ಬಾವಿಯೊಂದನ್ನು ಅಗೆದಾಗ ಇಂಥ ಸಾವಿರಕ್ಕೂ ಮಿಕ್ಕ ರಾಕೆಟ್ಟುಗಳು ದೊರೆತುವು. ಆದರೆ ಅವು ಕುರುಡು ಬಾಣಗಳು. ಬತ್ತಿಗೆ ಬೆಂಕಿ ಮುಟ್ಟಿಸಿ ಬಿಟ್ಟರೆ ಗಾಳಿಯೂ ಮದ್ದೂ ಒಯ್ದತ್ತ ಹೋಗುವುವು. ಒಬ್ಬೊಬ್ಬನನ್ನು ಆರಿಸಿ ಕೊಲ್ಲುವುದು ಅವುಗಳ ಕೆಲಸವಲ್ಲ. ದಂಡಿನ ಗುಂಪಿನಲ್ಲಿ ಗೊಂದಲವೆಬ್ಬಿಸುವುದೇ ಅವುಗಳ ಮುಖ್ಯ ಪ್ರಯೋಜನ.

ಕುರುಡು ಬಾಣಕ್ಕೆ ಕಣ್ಣನ್ನಿತ್ತವರು ಅಮೆರಿಕದವರು. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಚೈನಾ ಲೇಕ್ ಎಂಬ ನೌಕಾಪಡೆಯ ಪ್ರಯೋಗಸ್ಥಳದಲ್ಲಿ ವಿಲಿಯಂ ಮೆಕ್‌ಲೀನ್ ಎಂಬ ವಿಜ್ಞಾನಿಯೂ ಅವನ ಜೊತೆಗಾರರೂ ೧೯೫೦ರ ಸುಮಾರಿನಲ್ಲಿ ಇದನ್ನು ಕಟ್ಟಿದರು. ೧೯೫೩ರಲ್ಲಿ ಅದು ಪರೀಕ್ಷೆಯ ವಿಮಾನವೊಂದನ್ನು ಹೊಡೆಯಿತು. ಅದಕ್ಕೆ ಇಟ್ಟ ಹೆಸರು ಸೈಡ್‌ವೈಂಡರ್. ಅದು ಆ ಕಡೆಯ ಮರಳುಗಾಡಿನಲ್ಲಿ ಅಡ್ಡಡ್ಡವಾಗಿ ಹರಿಯುವ ಒಂದು ಹಾವಿನ ಹೆಸರು. ಆ ಜಾತಿಯ ಹಾವುಗಳಿಗೆ ಕಣ್ಣಿಗೂ ಮೂಗಿಗೂ ನಡುವೆ ಒಂದೊಂದು ಗುಳಿಯಿದೆ. ಆ ಗುಳಿಯ ಮೂಲಕ ಅವು ಕತ್ತಲೆಯಲ್ಲಿಯೂ ಇಲಿಯ ಮೈಶಾಖವನ್ನು ಅರಿಯುತ್ತವೆ. ನಮ್ಮ ಮಲೆನಾಡಿನಲ್ಲಿಯೂ ಇಂಥ ಗುಳಿಯುಳ್ಳ ಹಾವುಗಳಿವೆ.

ಬಾಣದ ಕಣ್ಣು ಆ ಗುಳಿಯನ್ನೇ ಹೋಲುತ್ತದೆ. ತುದಿಯಲ್ಲಿ ಗಾಜಿನಂಥ ಒಂದು ಗುಮ್ಮಟ; ಅದರೊಳಗೆ ಶಾಖದ ಕಿರಣಗಳು ತಾಗಿದರೆ ವಿದ್ಯುತ್ತಿನ ಸೂಚನೆ ಕೊಡುವ ಸಣ್ಣ ತುಣುಕು. ಈ ಕಿರಣಗಳು ಬೆಳಕಿನ ಜಾತಿಯವೇ ಆದರೂ ಮನುಷ್ಯನ ಕಣ್ಣಿಗೆ ಕಾಣದವು, ಕೆಂಪಿನಿಂದಾಚೆಗಿನವು. ಮೊದಮೊದಲಿನ ಕ್ಷಿಪಣಿಗಳಿಗೆ ಜೆಟ್ ವಿಮಾನದ ಹಿಂಬದಿಯ ಕಾದ ಕೊಳವೆ ಮಾತ್ರ ಕಾಣುತ್ತಿತ್ತು. ಆದ್ದರಿಂದ ಶತ್ರುವಿನ ಬೆನ್ನ ಹಿಂದೆ ಬಂದೇ ಬಿಡಬೇಕಾಗಿತ್ತು. ಆಮೇಲೆ ಆ ತುಣುಕನ್ನು ಬಹಳ ತಣ್ಣಗೆ ಮಾಡಿ ಇಡುವ ಉಪಾಯವು ಸಾಧಿಸಿದುದರಿಂದ, ಗಾಳಿಯನ್ನು ಸೀಳಿ ಬಿಸಿಯಾದ ರೆಕ್ಕೆಯ ಅಂಚೂ ಮೂತಿಯೂ ಕಾಣತೊಡಗಿ, ಎದುರಿನಿಂದಲೂ ಹೊಡೆಯುವುದು ಸಾಧ್ಯವಾಯಿತು. ಇಂದಿನ ಕ್ಷಿಪಣಿಗಳು ಒಂದು ಬಿಸಿ ಚುಕ್ಕೆಯನ್ನಲ್ಲ, ಶಾಖದ ಇಡೀ ಚಿತ್ರವನ್ನೇ ನೋಡುತ್ತವೆ. ಮೋಸಗೊಳಿಸಲು ಎಸೆದ ಬೆಂಕಿಯ ಉಂಡೆಗೂ ವಿಮಾನದ ಆಕಾರಕ್ಕೂ ಇರುವ ಭೇದವನ್ನು ಬಹುಮಟ್ಟಿಗೆ ಅರಿಯುತ್ತವೆ.

ಅದು ಬೆನ್ನಟ್ಟುವ ಕ್ರಮವೂ ಗಮನಿಸತಕ್ಕದ್ದು. ಹಿಂಡು ಬಿಟ್ಟೋಡುವ ಕರುವನ್ನು ಹಿಡಿಯಲು ಅನುಭವಸ್ಥನಾದ ದನಗಾಹಿಯು ಕರು ಇರುವೆಡೆಗೆ ಓಡುವುದಿಲ್ಲ. ಅದು ಇನ್ನು ಸ್ವಲ್ಪ ಹೊತ್ತಿನಲ್ಲಿ ಎಲ್ಲಿರುವುದೋ ಅಲ್ಲಿಗೆ ಓಡಿ ಅಡ್ಡಗಟ್ಟುತ್ತಾನೆ. ಕ್ಷಿಪಣಿಯೂ ಹಾಗೆಯೇ. ಗುರಿಯು ತನಗೆ ಕಾಣುವ ದಿಕ್ಕು ಬದಲಾಗುತ್ತಿದ್ದರೆ ತನ್ನ ಹಾದಿಯನ್ನು ತಿದ್ದಿಕೊಳ್ಳುತ್ತದೆ. ಆ ದಿಕ್ಕು ಬದಲಾಗದೆ ನಿಂತಿತೆಂದರೆ ಘರ್ಷಣೆಯು ನಿಶ್ಚಯವೆಂದು ಅರ್ಥ. ಬಿಡುವ ಮುನ್ನ, ಗುರಿಯು ಬಾಣಕ್ಕೆ ಕಂಡಿತೆಂಬುದನ್ನು ತಿಳಿಸಲು ವೈಮಾನಿಕನ ಕಿವಿಯಲ್ಲಿ ಗುರುಗುಟ್ಟುವ ಶಬ್ದವೊಂದು ಕೇಳಿಸುತ್ತದೆ. ಅನಂತರ ಉಳಿದುದು ಒಂದು ಬೆರಳಿನ ಅಲುಗಾಟ. ರಷ್ಯಾದ ಆರ್-೭೩ರಂಥ ಕ್ಷಿಪಣಿಗಳಲ್ಲಿ ಗುರಿಯನ್ನು ತೋರಿಸುವ ಉಪಕರಣವು ವೈಮಾನಿಕನ ಶಿರಸ್ತ್ರಾಣದಲ್ಲಿಯೇ ಇರುತ್ತದೆ: ಅವನು ತಲೆ ತಿರುಗಿಸಿ ನೋಡಿದತ್ತ ಬಾಣದ ಕಣ್ಣೂ ತಿರುಗುತ್ತದೆ.

೩

ಇಂಥ ಆಯುಧವನ್ನು ಕಂಡೊಡನೆ ರಾಕ್ಷಸೀಯವೆಂದು ಬೈಯುವುದು ಸುಲಭ. ಆದರೆ ನ್ಯಾಯವಾಗಿ ನೋಡಿದರೆ ಇದರ ಪರವಾಗಿಯೂ ಹೇಳತಕ್ಕ ಮಾತುಗಳುಂಟು. ಊರುಗಳ ಮೇಲೆ ಸುರಿಯುವ ಬಾಂಬಿನೊಡನೆ ಇದನ್ನು ಹೋಲಿಸಿರಿ. ಬಾಂಬು ತೊಟ್ಟಿಲ ಕೂಸನ್ನೂ ಕೋಟೆಯ ಕಾವಲುಗಾರನನ್ನೂ ಒಂದೇ ಸಮನಾಗಿ ಕಾಣುತ್ತದೆ. ಈ ಕ್ಷಿಪಣಿಯಾದರೋ ಆಕಾಶದಲ್ಲಿ ಹಾರುವ ವಿಮಾನವನ್ನಲ್ಲದೆ ಬೇರೊಂದನ್ನು ಹುಡುಕಿಕೊಂಡು ಹೋಗುವುದಕ್ಕೆ ಮಾಡಿದುದಲ್ಲ. ಅದು ಹೊತ್ತ ಸಿಡಿಮದ್ದಿನ ತಲೆಯ ತೂಕ ಆರ್-೬೦ ಎಂಬುದರಲ್ಲಿ ಸುಮಾರು ೩ ಕಿಲೋಗ್ರಾಂ, ಸೈಡ್‌ವೈಂಡರಿನಲ್ಲಿ ಸುಮಾರು ೯ ಕಿಲೋಗ್ರಾಂ. ಗುರಿ ತಪ್ಪಿದರೆ ಕೆಲವು ಸೆಕೆಂಡುಗಳಲ್ಲಿ ತಾನೇ ಸಿಡಿದು ನಾಶವಾಗುವ ಏರ್ಪಾಡು ಇವುಗಳಲ್ಲಿ ಅನೇಕಕ್ಕೆ ಇರುತ್ತದೆ. ಯುದ್ಧವೆಂಬುದು ತಪ್ಪದಿದ್ದರೆ, ಯೋಧನೇ ಯೋಧನನ್ನು ಎದುರಿಸುವ ಕಾಳಗವು ನಿರಾಯುಧರ ಸಂಹಾರಕ್ಕಿಂತ ಮೇಲು. ಈ ದೃಷ್ಟಿಯಿಂದ ಶಾಖವನ್ನರಸುವ ಕ್ಷಿಪಣಿಯು ಆಧುನಿಕ ಆಯುಧಗಳಲ್ಲಿ ಹೆಚ್ಚು ಪಾಪಿಯಾದುದಲ್ಲ.

ಆದರೆ ಈ ಸಮರ್ಥನೆಯೊಳಗೇ ಒಂದು ಮೋಸ ಅಡಗಿದೆ. ‘ಗುರಿ ತಪ್ಪದ ಬಾಣ’ ಎಂಬ ಮಾತನ್ನು ‘ತಪ್ಪು ಮಾಡದ ಬಾಣ’ ಎಂದು ಮನಸ್ಸು ಸದ್ದಿಲ್ಲದೆ ತಿರುಗಿಸಿಕೊಳ್ಳುತ್ತದೆ. ಬಾಣಕ್ಕೆ ಕಾಣುವುದು ಶಾಖ. ಶತ್ರುವಿನ ಎಂಜಿನಿನಂತೆಯೇ ಮಿತ್ರನ ಎಂಜಿನೂ ಬಿಸಿ; ಕಾದಲು ಬಂದವನ ಎಂಜಿನಿನಂತೆಯೇ ದಾರಿ ತಪ್ಪಿ ಬಂದವನದೂ, ಶರಣಾಗಲು ಬಂದವನದೂ, ನೂರಾರು ಪ್ರಯಾಣಿಕರನ್ನು ಹೊತ್ತ ವಿಮಾನದ್ದೂ ಬಿಸಿ. ಆಕಾರವನ್ನು ಗುರುತಿಸುವ ಹೊಸ ಕಣ್ಣಿಗೂ ಉದ್ದೇಶವು ಕಾಣುವುದಿಲ್ಲ. ಆದ್ದರಿಂದ ಕೊಲ್ಲತಕ್ಕವನಾರು, ಕೊಲ್ಲಬಾರದವನಾರು ಎಂಬ ವಿವೇಚನೆಯ ಒಂದು ಕಣವನ್ನೂ ಯಂತ್ರವು ಮನುಷ್ಯನಿಂದ ತೆಗೆದುಕೊಂಡಿಲ್ಲ. ಅದು ತೆಗೆದುಕೊಂಡಿರುವುದು ಗುರಿಹಿಡಿಯುವ ಶ್ರಮವನ್ನು ಮಾತ್ರ.

ಇಲ್ಲಿ ಇನ್ನೊಂದು ಸಂಗತಿಯೂ ಇದೆ. ಹಿಂದೆ ಆ ಶ್ರಮವೇ ವಿವೇಚನೆಗೆ ಕಾಲಾವಕಾಶವನ್ನು ಕೊಡುತ್ತಿತ್ತು. ಫಿರಂಗಿಯಿಂದ ಹೊಡೆಯಬೇಕಾದ ವೈಮಾನಿಕನು ಕೆಲವು ನೂರು ಗಜಗಳಷ್ಟು ಸಮೀಪಕ್ಕೆ ಬರಬೇಕು. ಎದುರಿನ ವಿಮಾನದ ಗುರುತು, ಬಣ್ಣ, ಕೆಲವು ವೇಳೆ ಅದರೊಳಗಿನ ಮನುಷ್ಯನ ತಲೆ ಸಹ ಅವನ ಕಣ್ಣಿಗೆ ಬೀಳುತ್ತಿತ್ತು. ಕೊನೆಯ ಕ್ಷಣದಲ್ಲಿ ಕೈ ತಡೆಯುವುದಕ್ಕೆ ಅವಕಾಶವಿತ್ತು. ಕ್ಷಿಪಣಿಯು ಈ ದೂರವನ್ನು ಕಿಲೋಮೀಟರುಗಳಿಗೆ ಹಿಗ್ಗಿಸಿತು, ಕಾಲವನ್ನು ಸೆಕೆಂಡುಗಳಿಗೆ ಕುಗ್ಗಿಸಿತು. ವಿವೇಚನೆಯ ಭಾರವು ಹಾಗೆಯೇ ಉಳಿದು, ಅದನ್ನು ಹೊರುವ ಹೊತ್ತು ಮಾತ್ರ ಕಿರಿದಾಯಿತು.

೪

ಈ ಮಾತಿಗೆ ಚರಿತ್ರೆಯಿಂದ ಕೆಲವು ನಿದರ್ಶನಗಳನ್ನು ಕೊಡಬಹುದು.

ಮೊದಲನೆಯದು ನಮ್ಮ ನಾಡಿನ ವೀರನದು. ೧೯೬೫ರ ಸೆಪ್ಟೆಂಬರ್ ೭ರಂದು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ಭಾರತದ ಮಿಸ್ಟೀರ್ ವಿಮಾನಗಳು ದಾಳಿಯಿಟ್ಟಾಗ, ಆ ತಂಡದಲ್ಲಿ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರಿದ್ದರು. ಅವರನ್ನು ಅಡ್ಡಗಟ್ಟಿದ್ದು ಶಬ್ದದ ಎರಡರಷ್ಟು ವೇಗದಿಂದ ಹಾರಬಲ್ಲ ಸ್ಟಾರ್‌ಫೈಟರ್. ಆ ವಿಮಾನಗಳ ಆಯುಧಗಳಲ್ಲಿ ಸೈಡ್‌ವೈಂಡರ್ ಸೇರಿತ್ತು. ದೇವಯ್ಯನವರ ಹಳೆಯ ವಿಮಾನದಲ್ಲಿ ಆಕಾಶದ ಕಾಳಗಕ್ಕೆ ಇದ್ದುದು ಫಿರಂಗಿ ಮಾತ್ರ. ತಮ್ಮ ವಿಮಾನಕ್ಕೆ ಪೆಟ್ಟು ಬಿದ್ದಿದ್ದರೂ ಅವರು ತಿರುಗಿ ನಿಂತು ಕಾದಿ, ಆ ಸ್ಟಾರ್‌ಫೈಟರನ್ನು ಕೆಡಹಿ, ತಾವೂ ಮಡಿದರು. ಎದುರಾಳಿಯು ಕೊಡೆಯ ಸಹಾಯದಿಂದ ಇಳಿದು ಬದುಕಿಕೊಂಡನು. ನಡೆದುದೇನೆಂಬುದು ಅನೇಕ ವರ್ಷಗಳನಂತರ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕನ ಬರೆಹದ ಮೂಲಕ ಬೆಳಕಿಗೆ ಬಂದು, ೧೯೮೮ರಲ್ಲಿ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರಚಕ್ರವು ಸಂದಿತು. ಅಲ್ಲಿ ಯಾರು ಯಾರನ್ನು ಹೊಡೆದರೆಂಬುದರಲ್ಲಿ ಅಸ್ಪಷ್ಟತೆಯಿಲ್ಲ. ಇಬ್ಬರೂ ಯೋಧರು, ಇಬ್ಬರೂ ಒಬ್ಬರನ್ನೊಬ್ಬರು ಅರಿತು ಎದುರಿಸಿದವರು.

ಅದೇ ಯುದ್ಧದ ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ೧೯೫೮ರ ಸೆಪ್ಟೆಂಬರಿನಲ್ಲಿ ತೈವಾನ್ ಜಲಸಂಧಿಯ ಮೇಲೆ ಸೈಡ್‌ವೈಂಡರು ಮೊಟ್ಟಮೊದಲ ಸಲ ಕಾಳಗದಲ್ಲಿ ಬಳಕೆಯಾದಾಗ, ಒಂದು ಕ್ಷಿಪಣಿಯು ಚೀನೀ ವಿಮಾನದ ಮೈಯಲ್ಲಿ ಸಿಡಿಯದೆ ನಾಟಿಕೊಂಡಿತು. ಅದು ರಷ್ಯದವರ ಕೈಸೇರಿತು; ಅವರು ಅದನ್ನು ಬಿಚ್ಚಿ ನೋಡಿ ಅಂಥದನ್ನೇ ಮಾಡಿದರು. ಕೆ-೧೩ ಎಂಬ ಆ ಪ್ರತಿಕೃತಿಯು ಮಿಗ್-೨೧ ವಿಮಾನಗಳೊಡನೆ ನಮ್ಮ ದೇಶಕ್ಕೂ ಬಂದಿತು. ಹೀಗೆ ೧೯೬೫ರಲ್ಲಿ ಗಡಿಯ ಎರಡು ಕಡೆಗೂ ಒಂದೇ ಹಾವಿನ ಮರಿಗಳಿದ್ದವು. ಆಯುಧಕ್ಕೆ ಪಕ್ಷವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡನೆಯ ನಿದರ್ಶನದಲ್ಲಿ ತೀರ್ಪು ಅಷ್ಟು ಸುಲಭವಲ್ಲ. ಕಾರ್ಗಿಲ್ ಯುದ್ಧವು ನಿಂತು ಕೆಲವೇ ವಾರಗಳಾಗಿದ್ದ ೧೯೯೯ರ ಆಗಸ್ಟ್ ೧೦ರಂದು, ಕಚ್ಛದ ಗಡಿಯ ಬಳಿ ಹಾರುತ್ತಿದ್ದ ಪಾಕಿಸ್ತಾನದ ನೌಕಾಪಡೆಯ ಅಟ್ಲಾಂಟಿಕ್ ಎಂಬ ಗಸ್ತು ವಿಮಾನವನ್ನು ನಮ್ಮ ಮಿಗ್-೨೧ ವಿಮಾನವೊಂದು ಆರ್-೬೦ ಕ್ಷಿಪಣಿಯಿಂದ ಕೆಡಹಿತು. ಅದರಲ್ಲಿದ್ದ ೧೬ ಮಂದಿಯೂ ಸತ್ತರು. ಅದು ನಮ್ಮ ಗಡಿಯೊಳಕ್ಕೆ ಬಂದಿತ್ತೆಂದೂ, ಎಚ್ಚರಿಕೆಗೆ ಮಣಿಯಲಿಲ್ಲವೆಂದೂ ಭಾರತ ಹೇಳಿತು. ತನ್ನ ನೆಲದ ಮೇಲೆಯೇ ಹಾರುತ್ತಿದ್ದ ನಿರಾಯುಧ ವಿಮಾನವೆಂದು ಪಾಕಿಸ್ತಾನ ಹೇಳಿತು. ಮೊಕದ್ದಮೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ೨೦೦೦ದ ಜೂನ್ ೨೧ರಂದು ಆ ನ್ಯಾಯಾಲಯವು ಇದನ್ನು ವಿಚಾರಿಸುವ ಅಧಿಕಾರ ತನಗಿಲ್ಲವೆಂದು ತೀರ್ಮಾನಿಸಿತು. ಸರಿ ತಪ್ಪಿನ ಪ್ರಶ್ನೆಯು ವಿಚಾರಣೆಯಿಲ್ಲದೆ ಉಳಿಯಿತು. ಕ್ಷಿಪಣಿಗೆ ಗಡಿಯ ಗೆರೆಯೂ ತಿಳಿಯದು, ಕಾರ್ಗಿಲ್ಲಿನ ನೋವೂ ತಿಳಿಯದು. ಆ ಗೆರೆಯನ್ನು ಅಳೆದವರು, ಆ ವಿಮಾನದ ಉದ್ದೇಶವನ್ನು ಊಹಿಸಿದವರು, ಅಪ್ಪಣೆ ಕೊಟ್ಟವರು ಮನುಷ್ಯರು. ಅವರ ನಿರ್ಣಯವು ಸರಿಯೆಂದು ವಾದಿಸುವವನು ಕೂಡ ಆ ಹೊಣೆಯನ್ನು ಮನುಷ್ಯರ ಮೇಲೆ ಇಟ್ಟೇ ವಾದಿಸಬೇಕು. ಬಾಣದ ಮೇಲೆ ಹಾಕಲಾಗದು.

ಕಣ್ಣಿದ್ದೂ ಕೈ ತಡೆಯದ ಸಂದರ್ಭವೂ ಉಂಟು. ೧೯೮೩ರ ಸೆಪ್ಟೆಂಬರ್ ೧ರಂದು ದಾರಿ ತಪ್ಪಿ ಸಖಾಲಿನ್ ದ್ವೀಪದ ಮೇಲೆ ಬಂದ ಕೊರಿಯಾದ ಪ್ರಯಾಣಿಕರ ವಿಮಾನವನ್ನು ಸೋವಿಯೆತ್ ಯುದ್ಧವಿಮಾನವೊಂದು ಎರಡು ಕ್ಷಿಪಣಿಗಳಿಂದ ಹೊಡೆಯಿತು. ೨೬೯ ಮಂದಿ ಸತ್ತರು. ಕಿಟಕಿಗಳ ಎರಡು ಸಾಲನ್ನು ತಾನು ಕಂಡಿದ್ದೆನೆಂದೂ, ಅದು ನಾಗರಿಕ ವಿಮಾನದ ಬಗೆಯದೆಂದು ತಿಳಿದಿತ್ತೆಂದೂ, ನೆಲದವರು ಕೇಳಲಿಲ್ಲವಾಗಿ ತಾನೂ ಹೇಳಲಿಲ್ಲವೆಂದೂ ಅದರ ವೈಮಾನಿಕನು ವರ್ಷಗಳನಂತರ ಹೇಳಿದನು. ನೆಲದಲ್ಲಿದ್ದವರಿಗೆ ಅಧಿಕಾರವಿತ್ತು, ಕಣ್ಣಿರಲಿಲ್ಲ; ಮೇಲಿದ್ದವನಿಗೆ ಕಣ್ಣಿತ್ತು, ಅಧಿಕಾರವಿರಲಿಲ್ಲ. ಇಬ್ಬರ ನಡುವೆ ಹೊಣೆಯು ಜಾರಿ ಸಮುದ್ರಕ್ಕೆ ಬಿದ್ದಿತು.

ನಾಲ್ಕನೆಯದು ನಮ್ಮವರೇ ನಮ್ಮವರನ್ನು ಕೊಂದ ದುಃಖದ ಕಥೆ. ಇದರಲ್ಲಿ ಕ್ಷಿಪಣಿಯನ್ನು ಬಿಟ್ಟದ್ದು ವಿಮಾನದಿಂದಲ್ಲ, ನೆಲದಿಂದ. ಆದರೂ ಪ್ರಶ್ನೆಯು ಅದೇ. ೨೦೧೯ರ ಫೆಬ್ರವರಿ ೨೭ರಂದು, ಗಡಿಯಲ್ಲಿ ಆಕಾಶದ ಕಾಳಗ ನಡೆಯುತ್ತಿದ್ದ ಹೊತ್ತಿನಲ್ಲಿ, ಕಾಶ್ಮೀರದ ಬಡ್ಗಾಮ್ ಬಳಿ ನಮ್ಮ ವಾಯುಪಡೆಯ ಹೆಲಿಕಾಪ್ಟರನ್ನು ನಮ್ಮದೇ ಕ್ಷಿಪಣಿಯು ಹೊಡೆಯಿತು. ಅದರಲ್ಲಿದ್ದ ಆರು ಮಂದಿಯೂ ನೆಲದ ಮೇಲಿದ್ದ ಒಬ್ಬ ನಾಗರಿಕನೂ ಸತ್ತರು. ಅದೇ ವರ್ಷದ ಅಕ್ಟೋಬರಿನಲ್ಲಿ ವಾಯುಪಡೆಯ ಮುಖ್ಯಸ್ಥರಾಗಿದ್ದ ಭದೌರಿಯಾ ಅವರು ಇದು ತಮ್ಮಿಂದಾದ ದೊಡ್ಡ ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡರು. ಆ ಒಪ್ಪಿಗೆಯು ಹೋದ ಪ್ರಾಣಗಳನ್ನು ತರಲಿಲ್ಲ. ಆದರೂ ಯಂತ್ರದ ಮೇಲೆ ನೆಪ ಹಾಕದೆ, ‘ತಪ್ಪು ನಮ್ಮದು’ ಎಂದು ಅಧಿಕಾರದಲ್ಲಿದ್ದವರು ಹೇಳಿದುದು ನೀತಿಯ ದೃಷ್ಟಿಯಿಂದ ಸಣ್ಣ ಮಾತಲ್ಲ.

೫

ಈ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಕಾಣದವರಲ್ಲ. ಅಸ್ತ್ರಗಳ ಕಥೆಗಳನ್ನು ಕೇಳಿ ಆ ಕಾಲದಲ್ಲಿಯೇ ಕ್ಷಿಪಣಿಗಳಿದ್ದುವೆಂದು ಹೆಮ್ಮೆಪಡುವವರುಂಟು. ಆ ಹೆಮ್ಮೆಗೆ ಆಧಾರವಿಲ್ಲ. ಆದರೆ ಅಸ್ತ್ರದ ಧರ್ಮವೇನೆಂಬ ಆಲೋಚನೆ ಆ ಕಥೆಗಳಲ್ಲಿ ತುಂಬಿದೆ. ನಮಗೆ ಬೇಕಾದುದು ಅದೇ.

ಕರ್ಣಪರ್ವದ ಸರ್ಪಾಸ್ತ್ರವನ್ನು ನೆನೆಯಿರಿ. ಗದುಗಿನ ನಾರಣಪ್ಪನನ್ನು ಗಮಕಿಗಳ ಬಾಯಲ್ಲಿ ಕೇಳಿದ ಯಾರಿಗೂ ಆ ಸನ್ನಿವೇಶವು ಅಪರಿಚಿತವಲ್ಲ. ಖಾಂಡವದಹನದಲ್ಲಿ ತಾಯಿಯನ್ನು ಕಳೆದುಕೊಂಡ ಅಶ್ವಸೇನನೆಂಬ ಸರ್ಪವು ಅರ್ಜುನನ ಮೇಲಣ ಹಗೆಯಿಂದ ಕರ್ಣನ ಬಾಣವನ್ನು ಸೇರಿತ್ತು. ತನ್ನ ಗುರಿಯನ್ನು ತಾನೇ ಬಲ್ಲ ಬಾಣವೆಂದರೆ ಅದು. ಕೃಷ್ಣನು ರಥವನ್ನು ಕೆಳಕ್ಕೆ ಅದುಮಿದನು. ಅರ್ಜುನನ ಕಿರೀಟ ಹೋಯಿತು, ತಲೆ ಉಳಿಯಿತು. ಆಗ ಸರ್ಪವು ಹಿಂದಿರುಗಿ ಬಂದು ತನ್ನನ್ನು ಮತ್ತೊಮ್ಮೆ ಬಿಡೆಂದು ಬೇಡುತ್ತದೆ. ವ್ಯಾಸಭಾರತದಲ್ಲಿ ಅದು ಕರ್ಣನ ಮೇಲೆ ಹೊರಿಸುವ ದೂರು ಬಹಳ ಅರ್ಥವತ್ತಾದುದು: ಚೆನ್ನಾಗಿ ನೋಡದೆ ತನ್ನನ್ನು ಬಿಟ್ಟನೆಂಬುದೇ ಆ ದೂರು. ಬಾಣಕ್ಕೆ ಕಣ್ಣಿದ್ದರೂ ಬಿಡುವವನ ಕಣ್ಣಿನ ಕೆಲಸ ಮುಗಿಯಲಿಲ್ಲವೆಂದು ಬಾಣವೇ ಸಾಕ್ಷಿ ನುಡಿದಂತಾಯಿತು. ಕರ್ಣನಾದರೋ ಮತ್ತೊಬ್ಬರ ಬಲದಿಂದ ಗೆಲ್ಲಲೊಲ್ಲೆನೆಂದು ಅದನ್ನು ಹಿಂದಕ್ಕೆ ಕಳುಹಿದನು. ಅವನಿಗೆ ಆ ನಿರಾಕರಣೆಯಿಂದ ನಷ್ಟವಾಯಿತು. ಆದರೆ ಕೊಲ್ಲುವ ಕೆಲಸದಲ್ಲಿ ತನ್ನ ಪಾಲೆಷ್ಟು, ಬಾಣದ ಪಾಲೆಷ್ಟು ಎಂಬ ಲೆಕ್ಕವನ್ನು ಗೊಂದಲಗೊಳಿಸಲು ಅವನು ಒಪ್ಪಲಿಲ್ಲ.

ಎರಡನೆಯ ಕಥೆ ಅಶ್ವತ್ಥಾಮನದು. ಅವನೂ ಅರ್ಜುನನೂ ಎದುರುಬದುರಾಗಿ ಮಹಾಸ್ತ್ರಗಳನ್ನು ಬಿಟ್ಟರು. ಋಷಿಗಳು ನಡುವೆ ನಿಂತು ಉಪಸಂಹಾರ ಮಾಡಿರೆಂದರು. ಅರ್ಜುನನು ಹಿಂದಕ್ಕೆ ತೆಗೆದುಕೊಂಡನು; ಅಶ್ವತ್ಥಾಮನಿಗೆ ಆಗಲಿಲ್ಲ. ಅವನು ಬಿಟ್ಟ ಅಸ್ತ್ರವು ಪಾಂಡವ ಸ್ತ್ರೀಯರ ಗರ್ಭದ ಮೇಲೆ ಬಿದ್ದಿತು. ಪ್ರಯೋಗ ಬಲ್ಲವನಿಗೆ ಉಪಸಂಹಾರವೂ ತಿಳಿದಿರಬೇಕು, ತಿಳಿಯದವನ ಕೈಗೆ ಅಸ್ತ್ರ ಸಲ್ಲದು ಎಂಬುದು ಈ ಕಥೆಯ ತಾತ್ಪರ್ಯ. ನಾರಾಯಣಾಸ್ತ್ರದ ಪ್ರಸಂಗದಲ್ಲಿಯಾದರೆ ಆಯುಧವನ್ನು ಕೆಳಗಿಟ್ಟವನನ್ನು ಅಸ್ತ್ರವೇ ಬಿಟ್ಟುಬಿಡುತ್ತದೆ. ನಮ್ಮ ಕಾಲದ ಬಾಣಕ್ಕೆ ಈ ಎರಡು ಗುಣಗಳೂ ಇಲ್ಲ. ಹತ್ತಿರದ ಕಾಳಗಕ್ಕಾಗಿ ಮಾಡಿದ ಈ ಕ್ಷಿಪಣಿಗಳನ್ನು ಬಿಟ್ಟ ಮೇಲೆ ಹಿಂದಕ್ಕೆ ಕರೆಯುವ ಉಪಾಯವು ಸಾಮಾನ್ಯವಾಗಿ ಇರುವುದಿಲ್ಲ. ಬಿಟ್ಟು ಮರೆತುಬಿಡು ಎಂಬುದೇ ಅವುಗಳನ್ನು ಹೊಗಳುವ ಮಾತಾಗಿದೆ!

ಇದರಿಂದ ನಮ್ಮ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಉಪಸಂಹಾರವಿಲ್ಲದ ಅಸ್ತ್ರದಲ್ಲಿ ಪಶ್ಚಾತ್ತಾಪಕ್ಕೆ ಎಡೆಯಿಲ್ಲ. ಎಡೆಯಿಲ್ಲವಾದುದರಿಂದ ವಿವೇಕವೆಲ್ಲವೂ ಬೆರಳು ಅಲುಗುವ ಮುಂಚೆಯೇ ಮುಗಿದಿರಬೇಕು. ಬಾಣವು ಎಷ್ಟು ಸ್ವತಂತ್ರವಾಯಿತೋ ಬಿಟ್ಟವನ ಹೊಣೆ ಅಷ್ಟು ಹೆಚ್ಚಾಯಿತು. ನಾಯಿಯನ್ನು ಹಗ್ಗದಲ್ಲಿ ಹಿಡಿದವನಿಗಿಂತ ಹಗ್ಗ ಬಿಚ್ಚಿ ಛೂ ಎಂದವನು ಹೆಚ್ಚಿನ ಎಚ್ಚರಿಕೆಯಿಂದಿರಬೇಕೆಂಬುದು ಹಳ್ಳಿಯ ಪಂಚಾಯಿತಿಗೂ ತಿಳಿದ ನ್ಯಾಯ. ಕಚ್ಚಿದ್ದು ನಾಯಿ, ನಾನಲ್ಲ ಎಂದರೆ ಅಲ್ಲಿ ಯಾರೂ ಒಪ್ಪರು.

೬

ಈಗ ದಾವಣಗೆರೆಯ ವಾಚಕರಿಗೆ ಕೊಟ್ಟ ಮಾತಿಗೆ ಬರೋಣ. ಬಿಟ್ಟವನು ಎಂದರೆ ಗುಂಡಿಯನ್ನು ಒತ್ತಿದ ವೈಮಾನಿಕನೊಬ್ಬನೇ ಎಂದು ತಿಳಿಯಬಾರದು. ಬಾಣವನ್ನು ಮಾಡುವವರು, ಅದನ್ನು ವಿಮಾನಕ್ಕೆ ಹೊಂದಿಸುವವರು, ಅದಕ್ಕೆ ಹಣ ಕೊಡುವವರು, ಅದರ ರಕ್ಷಣೆಯಲ್ಲಿ ನಿದ್ರೆ ಮಾಡುವವರು, ಎಲ್ಲರೂ ಆ ಹೆದೆಯನ್ನು ಸ್ವಲ್ಪ ಸ್ವಲ್ಪ ಎಳೆದವರೇ. ಬೆಂಗಳೂರಿನಲ್ಲಿ ೧೯೪೦ರಲ್ಲಿ ಮೈಸೂರು ಸರಕಾರದ ಸಹಾಯದಿಂದ ಹುಟ್ಟಿದ ವಿಮಾನ ಕಾರ್ಖಾನೆಯು ಇಂದು ತೇಜಸ್ ಯುದ್ಧವಿಮಾನವನ್ನು ಕಟ್ಟುತ್ತಿದೆ. ೨೦೦೭ರಲ್ಲಿ ತೇಜಸ್ಸಿನಿಂದ ಮೊದಲ ಸಲ ಆರ್-೭೩ ಕ್ಷಿಪಣಿಯನ್ನು ಬಿಟ್ಟದ್ದು ಗೋವೆಯ ಕಡಲ ಮೇಲೆ. ೨೦೨೧ರ ಏಪ್ರಿಲ್ ೨೭ರಂದು ಇಸ್ರೇಲಿನ ಪೈಥಾನ್-೫ನ್ನು ಬಿಟ್ಟು ನೋಡುವುದಕ್ಕೆ ಮೊದಲು ಅದನ್ನು ಹೊತ್ತು ಹಾರುವ ಪರೀಕ್ಷೆಗಳು ಬೆಂಗಳೂರಿನಲ್ಲಿಯೇ ನಡೆದಿದ್ದವು. ಪೈಥಾನ್ ಎಂದರೆ ಹೆಬ್ಬಾವು. ಹಾವಿನ ಹೆಸರು ಈ ಬಾಣಗಳನ್ನು ಬಿಟ್ಟು ಹೋಗುವಂತೆ ಕಾಣುವುದಿಲ್ಲ.

ಇನ್ನೂ ಹತ್ತಿರಕ್ಕೆ ಬಂದರೆ ಚಳ್ಳಕೆರೆ. ೧೯೯೭ರವರೆಗೆ ದಾವಣಗೆರೆಯೂ ಅದೂ ಒಂದೇ ಜಿಲ್ಲೆಯಲ್ಲಿದ್ದವು. ಅಲ್ಲಿನ ಅಮೃತಮಹಲ್ ಕಾವಲುಗಳಲ್ಲಿ ಸುಮಾರು ೧೦,೦೦೦ ಎಕರೆ ಹುಲ್ಲುಗಾವಲು ವಿಜ್ಞಾನದ ಮತ್ತು ರಕ್ಷಣೆಯ ಸಂಸ್ಥೆಗಳಿಗೆ ಹೋಯಿತು. ದನಕುರಿಗಳನ್ನು ಮೇಯಿಸಿಕೊಂಡಿದ್ದ ಸುತ್ತಣ ಹಳ್ಳಿಗರು ಪ್ರತಿಭಟಿಸಿದರು. ವ್ಯಾಜ್ಯವು ಹಸಿರು ನ್ಯಾಯಮಂಡಲಿಗೂ ಹೋಯಿತು. ೨೦೧೭ರಲ್ಲಿ ಅಲ್ಲಿ ವಿಮಾನಗಳ ಪರೀಕ್ಷಾಕ್ಷೇತ್ರವು ಉದ್ಘಾಟನೆಯಾಯಿತು. ಈ ಕಾವಲುಗಳ ದನಗಳೂ ಒಂದು ಕಾಲಕ್ಕೆ ಯುದ್ಧದ ದನಗಳೇ. ಹೈದರ್ ಟಿಪ್ಪುಗಳ ಫಿರಂಗಿಗಳನ್ನು ಎಳೆದ ಎತ್ತುಗಳ ತಳಿ. ಹುಲ್ಲಿಗೂ ಯುದ್ಧಕ್ಕೂ ನಮ್ಮ ಸೀಮೆಯಲ್ಲಿ ಹಳೆಯ ನಂಟು. ಆದರೆ ೨೦೨೨ರ ಜುಲೈ ೧ರಂದು ಅಲ್ಲಿ ನಡೆದುದು ಬೇರೆ ಬಗೆಯದು: ಮನುಷ್ಯನಿಲ್ಲದ, ತಾನೇ ಏರಿ ತಾನೇ ದಾರಿ ನೋಡಿಕೊಂಡು ತಾನೇ ಇಳಿಯುವ ವಿಮಾನವೊಂದು ಮೊದಲ ಸಲ ಹಾರಿತು. ಅದು ಪರೀಕ್ಷೆಯ ವಿಮಾನ, ಆಯುಧ ಬಿಡಲಿಲ್ಲ. ಆದರೂ ದಾರಿಯು ಎತ್ತ ಹೋಗುತ್ತಿದೆಯೆಂಬುದು ಸ್ಪಷ್ಟ. ಮೊದಲು ಬಾಣಕ್ಕೆ ಕಣ್ಣು ಬಂದಿತು; ಈಗ ಬಿಲ್ಲಿಗೇ ಕಣ್ಣು ಬರುತ್ತಿದೆ. ಬಿಲ್ಲುಗಾರನು ಆಕಾಶದಿಂದ ಇಳಿದು ದೂರದ ಕೋಣೆಯೊಂದರಲ್ಲಿ ಕುಳಿತಿದ್ದಾನೆ. ನಾಳೆ ಅಲ್ಲಿಂದಲೂ ಅವನು ಎದ್ದುಹೋದರೆ, ಹೊಣೆಯನ್ನು ಯಾರ ಮನೆಯ ಬಾಗಿಲಿಗೆ ಕೊಂಡೊಯ್ಯಬೇಕು?

ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜ್‌ಗಳಲ್ಲಿ ಓದುವ ಹುಡುಗ ಹುಡುಗಿಯರಲ್ಲಿ ಕೆಲವರಾದರೂ ಇಂಥ ಸಂಸ್ಥೆಗಳನ್ನು ಸೇರಲು ಬಯಸುವರು. ಬಯಸಬಾರದೆಂದು ನಾವು ಹೇಳುವುದಿಲ್ಲ. ಬಡಾವಣೆಗೆ ಹೆಸರಾದ ನಿಜಲಿಂಗಪ್ಪನವರು ಗಾಂಧೀಜಿಯವರ ಅಹಿಂಸಾಮಾರ್ಗದಲ್ಲಿ ನಡೆದು ಸೆರೆಮನೆ ಕಂಡವರು. ದೇವಯ್ಯನವರು ಸರ್ಗೋಧಾದಲ್ಲಿ ಮಡಿದ ೧೯೬೫ರಲ್ಲಿ ಈ ರಾಜ್ಯದ ಮುಖ್ಯಮಂತ್ರಿಯಾಗಿದ್ದವರೂ ಅವರೇ. ಅಹಿಂಸೆಯನ್ನು ನಂಬಿದ ಜನವೂ ರಾಜ್ಯವನ್ನು ಕಟ್ಟಿದ ಮೇಲೆ ಅದನ್ನು ಕಾಯಬೇಕಾಗುತ್ತದೆ. ಈ ಇಕ್ಕಟ್ಟಿನಿಂದ ಸುಲಭವಾಗಿ ಪಾರಾಗುವ ದಾರಿಯನ್ನು ತೋರಿಸುವೆನೆನ್ನುವವನ ಮಾತನ್ನು ನಂಬಬೇಡಿರಿ. ಆಯುಧವು ಬೇಕಾಗಬಹುದು, ಆದರೆ ಅದು ಬೇಕಾಯಿತೆಂಬುದರಿಂದ ಅದರ ಫಲವು ನಮ್ಮದಲ್ಲವೆಂದಾಗದು.

ಬೇಡನಾಗಿದ್ದಾಗ ವಾಲ್ಮೀಕಿಯು ತನ್ನ ಪಾಪದಲ್ಲಿ ಪಾಲುಗೊಳ್ಳುವಿರಾ ಎಂದು ಮನೆಯವರನ್ನು ಕೇಳಿದ ಕಥೆಯನ್ನು ಎಲ್ಲರೂ ಬಲ್ಲರು. ಉಂಡವರೆಲ್ಲರೂ ಇದ್ದರು, ಪಾಲು ಒಪ್ಪಿದವನೊಬ್ಬನೂ ಇರಲಿಲ್ಲ. ಗಡಿಯಾಚೆಗೆ ಬಿದ್ದ ವಿಮಾನದ ಸುದ್ದಿಯನ್ನು ಓದಿ ಸಿಹಿ ಹಂಚುವ ಪ್ರಜೆಯೂ, ತಪ್ಪಿ ಬಿದ್ದ ಹೆಲಿಕಾಪ್ಟರಿನ ಸುದ್ದಿ ಬಂದಾಗ ಅದು ಸೈನ್ಯದವರ ತಪ್ಪೆಂದು ಪುಟ ತಿರುವುವ ಪ್ರಜೆಯೂ ಆ ಮನೆಯವರಿಗಿಂತ ಬೇರೆಯಲ್ಲ. ಗೆಲುವಿನಲ್ಲಿ ಪಾಲು ಬೇಡುವವನು ದುಃಖದಲ್ಲಿಯೂ ಪಾಲು ಹೊರಬೇಕು. ಸಾಲವನ್ನು ಹತ್ತು ಮಂದಿಗೆ ಹಂಚಿದರೆ ಒಬ್ಬೊಬ್ಬನ ಭಾಗಕ್ಕೆ ಹತ್ತರಲ್ಲೊಂದು ಬರುತ್ತದೆ. ಪ್ರಾಣದ ಹೊಣೆಗೆ ಈ ಭಾಗಾಕಾರವು ಸಲ್ಲದು. ಅದು ಹಂಚಿಕೊಂಡ ಪ್ರತಿಯೊಬ್ಬನ ಮೇಲೆಯೂ ಪೂರ್ತಿಯಾಗಿಯೇ ಇರುತ್ತದೆ.

ಹಾಗಾದರೆ ಮಾಡತಕ್ಕುದೇನು? ಯಂತ್ರವನ್ನು ಕಟ್ಟುವವನು ಅದು ಏನನ್ನು ಕಾಣದೆಂಬುದನ್ನು, ಅದು ಏನನ್ನು ಕಾಣಬಲ್ಲುದೆಂಬಷ್ಟೇ ಸ್ಪಷ್ಟವಾಗಿ ಹೇಳಲಿ. ಅಪ್ಪಣೆ ಕೊಡುವವನು, ಕಣ್ಣಾರೆ ಕಂಡವನ ಮಾತು ತನ್ನವರೆಗೆ ಬರುವಂತೆ ದಾರಿ ತೆರೆದಿಡಲಿ. ಕಂಡವನು ಕೇಳದಿದ್ದರೂ ಹೇಳಲಿ. ತಪ್ಪಾದಾಗ ರಾಜ್ಯವು ಅದನ್ನು ಮುಚ್ಚಿಡದೆ ಒಪ್ಪಿಕೊಳ್ಳಲಿ. ಪ್ರಜೆಯು, ತನ್ನ ಹೆಸರಿನಲ್ಲಿ ಬಾಣ ಬಿಟ್ಟಾಗಲೆಲ್ಲಾ, ಅದು ಯಾರಿಗೆ ತಗಲಿತು, ಏಕೆ ತಗಲಿತು ಎಂದು ಕೇಳುವುದನ್ನು ದೇಶದ್ರೋಹವೆಂದು ತಿಳಿಯದಿರಲಿ. ಇವು ದೊಡ್ಡ ಮಾತುಗಳಲ್ಲ. ಅಶ್ವಸೇನನು ಕರ್ಣನ ಮೇಲೆ ಹೊರಿಸಿದ ದೂರನ್ನು ನಮ್ಮ ಬಾಣಗಳು ನಮ್ಮ ಮೇಲೆ ಹೊರಿಸದಂತೆ ನಡೆದುಕೊಳ್ಳುವುದಕ್ಕೆ ಇಷ್ಟಾದರೂ ಬೇಕು. ಬಾಣವು ಶಾಖವನ್ನು ನೋಡಿಕೊಳ್ಳುತ್ತದೆ. ಆ ಶಾಖದ ಮುಂದೆ ಕುಳಿತ ಮನುಷ್ಯನನ್ನು ನೋಡುವ ಕೆಲಸವು ನಮಗೆ ಉಳಿದಿದೆ.